ನೆಗ್ಗಿಲು ಮುಳ್ಳು ಇಲ್ಲಿಗೂ ಬಂದಿದೆ

ಲಾಸ್ ಗ್ಯಾಟೋಸ್,
ಸೆಪ್ಟೆಂಬರ್ 14

ಪೂಜ್ಯ ಚಿಕ್ಕಪ್ಪನವರಿಗೆ,

ಚಿಕ್ಕಮ್ಮನ ಮಂಡಿನೋವು ಈಗ ಹೇಗಿದೆ? ಫೋನಿನಲ್ಲಿ ಕೇಳಿದರೆ ‘ಪರವಾಗಿಲ್ಲ’ ಅನ್ನುತ್ತಾರೆ, ನಿಜ ಹೇಳುವುದಿಲ್ಲ. ನೀವಾದರೂ ಬರೆಯಿರಿ. ಫೋನಿದ್ದೂ ಕಾಗದ ಯಾಕೆ ಅಂತ ಅಕ್ಕ ನಗುತ್ತಾಳೆ. ಆದರೆ ಇವತ್ತಿನ ವಿಷಯ ಟೈರು. ಫೋನಿನಲ್ಲಿ ಶುರು ಮಾಡಿದರೆ ನೀವು ನನಗೆ ಮಾತಾಡಲು ಬಿಡುವುದಿಲ್ಲ.

ಕಳೆದ ಭಾನುವಾರ ನನ್ನ ಸೈಕಲ್ಲಿನ ಹಿಂದಿನ ಚಕ್ರದ ಗಾಳಿ ಹೋಯಿತು. ಅಕ್ಕನ ಮಗನ ಜೊತೆ ಹೊಳೆದಂಡೆಯ ದಾರಿಯಲ್ಲಿ ಕ್ಯಾಂಪ್‌ಬೆಲ್ ಕಡೆಗೆ ಹೋಗಿದ್ದೆ. ನೀರು ಕುಡಿಯಲು ದಾರಿ ಬಿಟ್ಟು ಮಣ್ಣಿಗೆ ಇಳಿಸಿದ್ದೇ ತಪ್ಪಾಯಿತು. ಹುಡುಗ ಚಕ್ರ ತಿರುಗಿಸಿ ‘ಗೋಟ್‌ಹೆಡ್’ ಎಂದ. ಆಡಿನ ತಲೆ ಅಂತೆ! ಕಿತ್ತು ಅಂಗೈಗೆ ಹಾಕಿದ. ನೋಡುತ್ತೇನೆ, ನಮ್ಮ ನೆಗ್ಗಿಲು ಮುಳ್ಳು! ಚಳ್ಳಕೆರೆಯಲ್ಲಿ ಶೇಂಗಾ ಹೊಲದ ಬದುವಿನಲ್ಲಿ ಬರಿಗಾಲಲ್ಲಿ ತುಳಿದು ಕುಂಟುತ್ತಿದ್ದೆವಲ್ಲ, ಅದೇ. ನೆಲಕ್ಕೆ ಅಂಟಿಕೊಂಡು ಹಬ್ಬುವ ಅದೇ ಬಳ್ಳಿ, ಐದೆಸಳಿನ ಅದೇ ಹಳದಿ ಹೂವು. ಕಾಯಿ ಒಣಗಿ ಐದು ಹೋಳಾಗುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಿರುತ್ತದೆ. ಪಂಡಿತರು ಗೋಕ್ಷುರ ಅಂತ ಕಷಾಯಕ್ಕೆ ಹಾಕುತ್ತಾರೆ, ಇಲ್ಲಿಯವರು ಪಂಕ್ಚರ್ ಬಳ್ಳಿ ಅಂತಲೂ ಕರೆಯುತ್ತಾರೆ. ಹೆಸರಿಟ್ಟವನು ಸೈಕಲ್ಲಿನವನೇ ಇರಬೇಕು. ಇದನ್ನು ಅಡಗಿಸಲು 1961ರಲ್ಲಿ ಎರಡು ಜಾತಿಯ ಸೊಂಡಿಲ ಹುಳುಗಳನ್ನು ಅಮೆರಿಕಕ್ಕೆ ತಂದು ಬಿಟ್ಟರಂತೆ. ಅವುಗಳ ಮೂಲವೂ ನಮ್ಮ ಭಾರತ, ಫ್ರಾನ್ಸ್, ಇಟಲಿ ಕಡೆ. ಮುಳ್ಳೂ ಆ ಕಡೆಯದು, ಮುಳ್ಳಿಗೆ ಮದ್ದೂ ಆ ಕಡೆಯದು. ಹುಳುಗಳ ಕೆಲಸ ಇನ್ನೂ ಮುಗಿದಿಲ್ಲ ಅನ್ನುವುದಕ್ಕೆ ನನ್ನ ಹಿಂದಿನ ಚಕ್ರವೇ ಸಾಕ್ಷಿ.

ಪಂಕ್ಚರ್ ನಾನೇ ಹಾಕಿದೆ, ಚಿಕ್ಕಪ್ಪ. ಹುಡುಗ ಹಳೆಯ ಟ್ಯೂಬನ್ನು ಚೀಲಕ್ಕೆ ಹಾಕಿ ಹೊಸದನ್ನು ತುರುಕುವುದರಲ್ಲಿದ್ದ. ತಡೆದೆ. ಬೋಗುಣಿ ನೀರಿಲ್ಲ, ಗುಳ್ಳೆ ಏಳುವುದನ್ನು ನೋಡುವ ಹಾಗಿಲ್ಲ. ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ಸುತ್ತ ತಿರುಗಿಸಿದೆ, ಗಾಳಿ ತುಟಿಗೆ ತಾಕಿತು. ಉಪ್ಪುಕಾಗದ, ಸೊಲ್ಯೂಷನ್, ಪ್ಯಾಚು ಅವನ ಡಬ್ಬಿಯಲ್ಲೇ ಇದ್ದವು. ಸೊಲ್ಯೂಷನ್ ಒಣಗುವ ಮುಂಚೆ ಪ್ಯಾಚು ಅಂಟಿಸಲು ಹೋದ ಅವನ ಕೈಗೆ ಒಂದು ಏಟು ಕೊಟ್ಟೆ. ನೀವು ನನಗೆ ಕೊಟ್ಟದ್ದನ್ನು ಹೀಗೆ ದಾಟಿಸಿದ್ದೇನೆ. ಆಮೇಲೆ ಟೈರಿನ ಒಳಗೆಲ್ಲ ಬೆರಳಾಡಿಸಿದೆ. ಇನ್ನೂ ಎರಡು ಮುಳ್ಳಿನ ಮೊನೆ ಸಿಕ್ಕವು. ಅವನ ಕಣ್ಣಲ್ಲಿ ನನ್ನ ಬೆಲೆ ಅವತ್ತು ಏರಿತು. ಅದಕ್ಕೇ ಟೈರು ಕೊಳ್ಳುವ ಪಂಚಾಯಿತಿಗೆ ನನ್ನನ್ನೂ ಕೂಡಿಸಿಕೊಂಡಿದ್ದಾನೆ.

ಊರಿನ ವಿಷಯ ಎರಡು ಮಾತು ಹೇಳಿಬಿಡುತ್ತೇನೆ. ಲಾಸ್ ಗ್ಯಾಟೋಸ್ ಅಂದರೆ ಸ್ಪ್ಯಾನಿಷಿನಲ್ಲಿ ಬೆಕ್ಕುಗಳು. 1840ರಲ್ಲಿ ಇಲ್ಲಿನ ಜಮೀನು ಉಂಬಳಿ ಕೊಟ್ಟಾಗಲೇ ಅದಕ್ಕೆ ‘ಬೆಕ್ಕುಗಳ ಮೂಲೆ’ ಅಂತ ಹೆಸರು. ಮನೆಬೆಕ್ಕಲ್ಲ, ಸಾಂತಾ ಕ್ರೂಜ್ ಬೆಟ್ಟದಲ್ಲಿ ಈಗಲೂ ಇರುವ ಕಾಡುಬೆಕ್ಕು, ಬೆಟ್ಟದ ಸಿಂಹಗಳು. ಬೆಟ್ಟ ಊರಿನ ಬೆನ್ನಿಗೇ ಎದ್ದಿದೆ. ಹೊಳೆದಂಡೆಯಲ್ಲಿ ಸೈಕಲ್ಲಿಗೂ ನಡೆಯುವವರಿಗೂ ಮಾತ್ರ ಒಂದು ದಾರಿ ಮಾಡಿದ್ದಾರೆ. ಬೆಟ್ಟದ ಬಾಯಲ್ಲಿರುವ ಲೆಕ್ಸಿಂಗ್ಟನ್ ಜಲಾಶಯದಿಂದ ಇಳಿದು, ವಸೋನಾ ಕೆರೆಯ ಪಾರ್ಕಿನಲ್ಲಿ ಹಾದು, ಕ್ಯಾಂಪ್‌ಬೆಲ್ ದಾಟಿ ಸ್ಯಾನ್ ಹೋಸೆಗೆ ಹೋಗುತ್ತದೆ. ಹುಡುಗ ದಿನಾ ಆಫೀಸಿಗೆ ಅದರಲ್ಲೇ ಹೋಗಿಬರುತ್ತಾನೆ. ಊರಿನಿಂದ ಕೆಳಕ್ಕೆ ನುಣುಪಾದ ಡಾಂಬರು. ಮೇಲಕ್ಕೆ ಹೋದರೆ ಮಣ್ಣು, ಜಲ್ಲಿ, ಅಣೆಕಟ್ಟಿನ ಹತ್ತಿರ ಎದೆಗೇ ಬರುವ ಏರು. ಏರಿನಲ್ಲಿ ಇಳಿದು ತಳ್ಳಿಕೊಂಡು ಹೋದೆ, ನಾಚಿಕೆಯೇನೂ ಆಗಲಿಲ್ಲ. 1952ರಲ್ಲಿ ಈ ಅಣೆಕಟ್ಟು ಕಟ್ಟಿದಾಗ ಲೆಕ್ಸಿಂಗ್ಟನ್, ಆಲ್ಮಾ ಎಂಬ ಎರಡು ಊರು ಮುಳುಗಿದವಂತೆ. ವಾಣಿವಿಲಾಸ ಸಾಗರದ ಕಟ್ಟೆ ಮೇಲೆ ನಿಂತು ನೀವು ಹೇಳುತ್ತಿದ್ದ ಹಳೇ ಕಥೆಗಳು ನೆನಪಾದವು.

ಹುಡುಗನ ಸೈಕಲ್ಲಿಗೆ ಎರಡು ಕೆಲಸ. ವಾರವೆಲ್ಲ ಆಫೀಸು. ಬರುವ ತಿಂಗಳು ಡೇರೆ, ಹಾಸಿಗೆ, ಒಲೆ ಕಟ್ಟಿಕೊಂಡು ಬೆಟ್ಟ ದಾಟಿ ಸಾಂತಾ ಕ್ರೂಜಿಗೆ, ಅಲ್ಲಿಂದ ಸಮುದ್ರದ ಪಕ್ಕಕ್ಕೆ ಮಾಂಟೆರೆಗೆ. 17ನೇ ಹೆದ್ದಾರಿಯಲ್ಲಿ ಸೈಕಲ್ ಹೊಡೆಯಲು ಆಗುವುದಿಲ್ಲ, ಕಾರುಗಳ ನದಿ ಅದು. ಅದಕ್ಕೂ ಮುಂಚಿನ ಹಳೇ ಸಾಂತಾ ಕ್ರೂಜ್ ರಸ್ತೆ ಹಿಡಿದು ಸುಮಾರು 1800 ಅಡಿ ಎತ್ತರದ ಸಮಿಟ್ ರಸ್ತೆ ಹತ್ತಿ, ಆಚೆ ಕಡೆ ರೆಡ್‌ವುಡ್ ಮರಗಳ ನೆರಳಿನಲ್ಲಿ ಸೊಕೆಲ್‌ಗೆ ಇಳಿಯಬೇಕು. ಅವನ ಸೈಕಲ್ಲಿಗಿದ್ದದ್ದು 28 ಮಿಲಿಮೀಟರಿನ ಟೈರು, ನಮ್ಮ ಊರಲ್ಲಾದರೆ ಸೈಕಲ್ಲಿನ ಅಸ್ಥಿಪಂಜರ ಅನ್ನುತ್ತಿದ್ದರು. ಅದಕ್ಕೆ ಪಕ್ಕೆಯಲ್ಲಿ ಬರೆದಿರುವ ಗರಿಷ್ಠ ಮಟ್ಟದವರೆಗೂ ಗಾಳಿ ತುಂಬಿಸುತ್ತಿದ್ದ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ವೇಗ ಜಾಸ್ತಿ ಅಂತ ಅವನ ನಂಬಿಕೆ. ನನ್ನದೂ ಅದೇ ಆಗಿತ್ತು. ನೆನಪಿದೆಯಾ, ನಿಮ್ಮ ಸೈಕಲ್ ಅಂಗಡಿಯಲ್ಲಿ ಗಂಟೆ ಬಾಡಿಗೆಗೆ ಸೈಕಲ್ ಕೊಡುವಾಗ ನೀವು ಹೆಬ್ಬೆರಳಲ್ಲಿ ಟೈರು ಒತ್ತಿ, ಗಾಳಿ ಸ್ವಲ್ಪ ಬಿಟ್ಟು ಕೊಡುತ್ತಿದ್ದಿರಿ. ನಾವು ಓಡಿಸಲಾಗದೆ ಬೇಗ ಸುಸ್ತಾಗಿ ವಾಪಸು ತರಲಿ ಅಂತ ಮಾಡುತ್ತೀರಿ ಅಂತ ನಾವು ಮಕ್ಕಳೆಲ್ಲ ಬೈದುಕೊಂಡಿದ್ದೆವು. ಐವತ್ತು ವರ್ಷದ ಮೇಲೆ ಕ್ಷಮೆ ಕೇಳುತ್ತಿದ್ದೇನೆ.

ಈಗ ತಿಳಿದ ಲೆಕ್ಕ ಇಷ್ಟು. ಗಾಜಿನಂಥ ರಸ್ತೆಯಲ್ಲಿ ಗಟ್ಟಿ ಟೈರು ಹಗುರವಾಗಿ ಉರುಳುತ್ತದೆ, ಸರಿ. ಆದರೆ ರಸ್ತೆ ಒರಟಾದ ತಕ್ಷಣ ಅದು ಪ್ರತಿ ಜಲ್ಲಿಗೂ ಸೈಕಲ್ಲನ್ನೂ ಮೇಲಿರುವ ಮನುಷ್ಯನನ್ನೂ ಎತ್ತಿ ಕುಕ್ಕುತ್ತದೆ. ಆ ಎತ್ತುವ ಶಕ್ತಿ ಯಾರದು? ನಮ್ಮ ಕಾಲಿನದೇ. ಮೆತ್ತಗಿನ ಅಗಲ ಟೈರಾದರೆ ಜಲ್ಲಿಯನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಹೋಗುತ್ತದೆ. ಸಿಯಾಟಲ್‌ನ ಸೈಕಲ್ ಪತ್ರಿಕೆಯೊಂದರ ಸಂಪಾದಕ ಯಾನ್ ಹೈನೆ ಎಂಬುವರು ಇದನ್ನು ರಸ್ತೆಯಲ್ಲೇ ಅಳೆದು ನೋಡಿ ವರ್ಷಗಟ್ಟಲೆ ವಾದ ಮಾಡಿದ್ದಾರೆ. ಹಾಗಂತ ಗಾಳಿ ತೀರಾ ಇಳಿಸಿದರೂ ಕಷ್ಟ. ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತದೆ. ಇಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸೀಮೆಯಲ್ಲಿದ್ದ ಫ್ರಾಂಕ್ ಬರ್ಟೋ ಎಂಬುವರು ಒಂದು ಅಳತೆ ಹೇಳಿದ್ದಾರೆ: ಸವಾರ ಕೂತಾಗ ಟೈರಿನ ಎತ್ತರ ನೂರಕ್ಕೆ 15ರಷ್ಟು ಕುಗ್ಗಬೇಕು. ನಿಮ್ಮ ಹೆಬ್ಬೆರಳು ಅದನ್ನೇ ಹೇಳುತ್ತಿತ್ತು, ನಿಮಗೆ ಅಂಕಿ ಬೇಕಿರಲಿಲ್ಲ.

ನನಗೆ ಮೋಜೆನಿಸಿದ ಇನ್ನೊಂದು ಲೆಕ್ಕ. ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರ, ಒಳಗೆ ಚದರ ಇಂಚಿಗೆ 50 ಪೌಂಡ್ ಗಾಳಿ ಅಂತಿಟ್ಟುಕೊಳ್ಳಿ. ಚದರ ಸೆಂಟಿಮೀಟರಿಗೆ ಮೂರೂವರೆ ಕಿಲೋ ಆಯಿತು. ಅಂದರೆ ಟೈರು ನೆಲಕ್ಕೆ ತಾಗುವುದು ಸುಮಾರು 14 ಚದರ ಸೆಂಟಿಮೀಟರ್, ಒಂದು ಬೆಂಕಿಪೊಟ್ಟಣದ ಮುಖದಷ್ಟೂ ಇಲ್ಲ. ಅಷ್ಟರ ಮೇಲೆ ನಿಂತು ಬೆಟ್ಟ ಇಳಿಯುತ್ತಾರೆ!

ನೆಲ ಮುಟ್ಟುವ ಅಷ್ಟು ಜಾಗಕ್ಕೆ ಹಲ್ಲು ಬೇಕೇ ಅನ್ನುವುದು ಅಕ್ಕನ ಪ್ರಶ್ನೆ. ನವೆಂಬರಿನಲ್ಲಿ ಮಳೆ ಹಿಡಿದರೆ ಬೋಳು ಟೈರು ಜಾರುವುದಿಲ್ಲವೇ? ಕಾರಿಗಾದರೆ ಹೌದು, ಅಗಲ ಚಕ್ರ ನೀರಿನ ಮೇಲೆ ತೇಲುತ್ತದೆ. ಸೈಕಲ್ಲಿನ ಸಣ್ಣ ದುಂಡು ಟೈರು ಇಷ್ಟು ಗಾಳಿಯಲ್ಲಿ ನೀರನ್ನು ಕತ್ತರಿಸಿ ನೆಲ ಮುಟ್ಟುತ್ತದೆ. ಅದು ತೇಲಬೇಕಾದರೆ ನಾವು ಗಂಟೆಗೆ ನೂರು ಕಿಲೋಮೀಟರಿಗೂ ಮೇಲೆ ಓಡಬೇಕು. ಇಲ್ಲೇ ಹತ್ತಿರದ ಪಾಲೋ ಆಲ್ಟೋದಲ್ಲಿದ್ದ ಇಂಜಿನಿಯರ್ ಜಾಬ್ಸ್ಟ್ ಬ್ರಾಂಟ್ ಇದನ್ನು ಜೀವನವಿಡೀ ಹೇಳಿದರು. 1981ರಲ್ಲಿ ಸೈಕಲ್ ಚಕ್ರದ ಬಗ್ಗೆಯೇ ಪುಸ್ತಕ ಬರೆದವರು. ಅವೊಸೆಟ್ ಕಂಪನಿ ಪೂರ್ತಿ ಬೋಳು ಟೈರು ಮಾಡುವುದಕ್ಕೆ ಕಾರಣರಾದರು. ಅಂಥ ಟೈರಿನಲ್ಲೇ ಈ ಬೆಟ್ಟದ ಮಣ್ಣುದಾರಿಗಳನ್ನೂ ಸುತ್ತಿದವರು, 2015ರಲ್ಲಿ ತೀರಿಕೊಂಡರು. ಅಕ್ಕ ಇಷ್ಟೆಲ್ಲ ಕೇಳಿ, ‘ಆದರೂ ಸ್ವಲ್ಪ ಗೆರೆಯಿರುವುದೇ ಇರಲಿ’ ಎಂದಳು. ಇರಲಿ ಅಂದೆವು. ಕೆಸರಲ್ಲಿ ಅದಕ್ಕೆ ಅರ್ಥವಿದೆ, ಡಾಂಬರಿನಲ್ಲಿ ತಾಯಿಯ ಸಮಾಧಾನಕ್ಕೆ.

ಇನ್ನು ಮುಳ್ಳಿನ ವಿಷಯ. ನೀವು ಹಾಲಿನ ಗೌಡರ ಸೈಕಲ್ಲಿಗೆ ಹಳೇ ಟೈರಿನ ಅಂಚು ಕತ್ತರಿಸಿ, ಆ ಪಟ್ಟಿಯನ್ನು ಟೈರಿಗೂ ಟ್ಯೂಬಿಗೂ ನಡುವೆ ಸುತ್ತುತ್ತಿದ್ದಿರಲ್ಲ, ಶ್ವಾಲ್ಬೆ ಎಂಬ ಜರ್ಮನ್ ಕಂಪನಿ ಅದನ್ನೇ ಕಾರ್ಖಾನೆಯಲ್ಲಿ ಮಾಡಿ ಮ್ಯಾರಥಾನ್ ಪ್ಲಸ್ ಅಂತ ಮಾರುತ್ತದೆ. ಮೇಲುರಬ್ಬರಿನ ಅಡಿಯಲ್ಲಿ 5 ಮಿಲಿಮೀಟರ್ ದಪ್ಪದ ಮೆತ್ತನೆ ರಬ್ಬರಿನ ಪದರ. ನೆಗ್ಗಿಲು ಮುಳ್ಳು ಅದರಲ್ಲೇ ಸಿಕ್ಕಿ ಸಾಯುತ್ತದೆ, ಟ್ಯೂಬು ಮುಟ್ಟುವುದಿಲ್ಲ. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡೆ. ಒಂದು ಕಿಲೋ ಹತ್ತಿರ ತೂಗುತ್ತದೆ, ಪಕ್ಕೆ ಬಿರುಸು, ಉರುಳುವಾಗ ಸೋಮಾರಿ. ಪಕ್ಕದಲ್ಲೇ ಜಪಾನಿನ ಪನಾರೇಸರ್ ಪಸೇಲಾ ಇತ್ತು. ತೆಳು ಪಕ್ಕೆ, ಹಿಂಡಿದರೆ ಬಟ್ಟೆಯ ಹಾಗೆ ಬಳಕುತ್ತದೆ, ರಸ್ತೆಯಲ್ಲಿ ಸುಖ. ಮುಳ್ಳಿಗೆ ಮಾತ್ರ ಅಷ್ಟು ಗಟ್ಟಿಯಲ್ಲ. ಗಟ್ಟಿತನವೂ ಸುಖವೂ ಒಂದೇ ಟೈರಿನಲ್ಲಿ ಪೂರ್ತಿ ಸಿಗುವುದಿಲ್ಲ, ಸಿಗುತ್ತದೆ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ ಅಷ್ಟೆ.

ಹುಡುಗ ಎರಡೂ ಚಕ್ರಕ್ಕೆ ಒಂದೇ ಥರದ್ದು ಬೇಕೆಂದ, ನೋಡಲು ಚೆಂದವಂತೆ. ನಾನು ಬಿಡಲಿಲ್ಲ. ಭಾರವೆಲ್ಲ ಕೂರುವುದು ಹಿಂದೆ, ಕ್ಯಾರಿಯರ್ ಚೀಲಗಳೂ ಹಿಂದೆಯೇ, ಪಂಕ್ಚರ್ ಆಗುವುದೂ ಹೆಚ್ಚಾಗಿ ಹಿಂದೆ, ಚಕ್ರ ಬಿಚ್ಚಲು ಚೈನಿನ ಮಸಿ ಮೆತ್ತಿಕೊಳ್ಳಬೇಕಾದದ್ದೂ ಹಿಂದೆ. ಆದ್ದರಿಂದ ಹಿಂದಕ್ಕೆ ಜರ್ಮನಿಯ ಗಡುಸು, ಮುಂದಕ್ಕೆ ಜಪಾನಿನ ಮೆತ್ತನೆಯದು, ಕೈ ಮರಗಟ್ಟದ ಹಾಗೆ. ಎರಡೂ 35 ಮಿಲಿಮೀಟರ್. ಮೊದಲು ಮುಂದಿನ ಕವಲಿನ ಸಂದಿಗೂ ಬ್ರೇಕಿಗೂ ತಾಗುವುದಿಲ್ಲವೇ ಅಂತ ಬೆರಳು ತೂರಿಸಿ ನೋಡಿದೆವು, ಸಲೀಸಾಗಿ ಕೂತಿತು. ಗಾಳಿ ಮುಂದೆ 45 ಪೌಂಡ್, ಹಿಂದೆ 55, ಚೀಲ ಕಟ್ಟಿದಾಗ ಐದು ಜಾಸ್ತಿ. ಮೊದಲ ದಿನ ಆಫೀಸಿಗೆ ಹೋಗಿ ಬಂದವನು ಗಡಿಯಾರ ತೋರಿಸಿದ. ಬೇಗವೂ ಇಲ್ಲ, ತಡವೂ ಇಲ್ಲ. ‘ಆದರೆ ಚಿಕ್ಕಮ್ಮಾ, ಬೆನ್ನು ಇದೆ ಅನ್ನೋದೇ ಮರೆತುಹೋಯ್ತು’ ಎಂದ.

ಇನ್ನೊಂದು ತಿಳಿದೆ. ಹಿಂದಿನ ಟೈರು ಸವೆದರೆ ನೀವು ಹೊಸದನ್ನು ಮುಂದಕ್ಕೆ ಹಾಕಿ, ಮುಂದಿನದನ್ನು ಹಿಂದಕ್ಕೆ ಹಾಕುತ್ತಿದ್ದಿರಿ. ಸವೆದದ್ದನ್ನು ಹಿಂದೆ ಬಚ್ಚಿಟ್ಟು ಗಿರಾಕಿಗೆ ಟೋಪಿ ಹಾಕುವುದು ಅಂತ ಅಪ್ಪ ರೇಗಿಸುತ್ತಿದ್ದರು. ಇಲ್ಲಿಯ ತಿಳಿದವರು ಹೇಳುವುದೂ ನಿಮ್ಮ ಹಾಗೇ ಮಾಡಬೇಕು ಅಂತ: ಮುಂದಿನದು ಸಿಡಿದರೆ ಬೀಳುತ್ತೀರಿ, ಹಿಂದಿನದಾದರೆ ಸಾವರಿಸಿಕೊಳ್ಳಬಹುದು.

ಮೋರ್ಗನ್ ಹಿಲ್ ಅಂತ ದಕ್ಷಿಣಕ್ಕೆ ಒಂದು ಊರು. ಸ್ಪೆಷಲೈಸ್ಡ್ ಎಂಬ ದೊಡ್ಡ ಸೈಕಲ್ ಕಂಪನಿ ಅಲ್ಲಿದೆ. ಅದನ್ನು 1974ರಲ್ಲಿ ಕಟ್ಟಿದ ಮೈಕ್ ಸಿನ್ಯಾರ್ಡ್ ಹಳೇ ಫೋಕ್ಸ್‌ವ್ಯಾಗನ್ ವ್ಯಾನು ಮಾರಿ ಯೂರೋಪಿಗೆ ಹೋದವರು, ಇಟಲಿಯ ಬಿಡಿಭಾಗ ತಂದು ಮಾರಿದವರು. 1976ರಲ್ಲಿ ತಮ್ಮದೇ ಹೆಸರಿನಲ್ಲಿ ಅವರು ಮೊದಲು ತಂದ ಸಾಮಾನು ಯಾವುದು ಗೊತ್ತೇ? ದೂರ ಪ್ರಯಾಣದ ಟೈರು. ಸೈಕಲ್ ಆಮೇಲೆ ಬಂತು. ಇದು ನಿಮಗೆ ಇಷ್ಟವಾಗುತ್ತದೆ ಅಂತ ಗೊತ್ತಿದ್ದೇ ಬರೆದೆ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಅಟ್ಲಾಸ್ ಸೈಕಲ್ಲಿಗೆ ಒಂದು ಜೊತೆ ಟೈರು ತರೋಣ ಅಂತ ‘28 ಇಂಚಿನದು ಕೊಡಿ’ ಎಂದೆ. ಕೊಟ್ಟರು. ಪುಣ್ಯಕ್ಕೆ ಹುಡುಗ ಪಕ್ಕೆಯ ಅಂಕಿ ಓದಿದ. ಇಲ್ಲಿ 28 ಅಂದರೆ ರಿಮ್ಮಿನ ಮೇಲೆ ಕೂರುವ ಅಳತೆ 622 ಮಿಲಿಮೀಟರ್. ನಮ್ಮ ಊರಿನ 28 ಒಂದೂವರೆಯದು 635. ಹದಿಮೂರು ಮಿಲಿಮೀಟರ್ ವ್ಯತ್ಯಾಸ, ಎಷ್ಟು ಎಳೆದರೂ ಕೂರುತ್ತಿರಲಿಲ್ಲ. 635ರ ಮ್ಯಾರಥಾನ್ ಇದೆಯಂತೆ, ಹಾಲೆಂಡಿನ ಹಳೇ ಸೈಕಲ್ಲುಗಳೂ ಅದೇ ಅಳತೆಯವಾದ್ದರಿಂದ. ಕನ್ನಡಕ ಹಾಕಿಕೊಂಡು ನಿಮ್ಮ ಟೈರಿನ ಪಕ್ಕೆ ಒರೆಸಿ, ಉಬ್ಬಿರುವ ಅಂಕಿಯೆಲ್ಲ ಇದ್ದ ಹಾಗೇ ಓದಿ ಹೇಳಿ. ಬರೀ ‘ದೊಡ್ಡ ಸೈಕಲ್ಲಿಂದು’ ಅಂದರೆ ಆಗುವುದಿಲ್ಲ. ಅಕ್ಟೋಬರ್ ಕೊನೆಗೆ ಹೊರಡುತ್ತೇನೆ. ಅಂಚಿನಲ್ಲಿ ತಂತಿ ಇರುವುದರಿಂದ ಇದನ್ನು ಮಡಿಸಲಾಗದು, ಮೂರು ಸುತ್ತು ಸುರುಳಿ ಮಾಡಿ ಕಟ್ಟಬಹುದು ಅಂತ ಹುಡುಗ ತೋರಿಸಿಕೊಟ್ಟಿದ್ದಾನೆ. ಸೀರೆಗಳ ನಡುವೆ ಇಟ್ಟುಕೊಂಡು ಬರುತ್ತೇನೆ, ಚಿಕ್ಕಮ್ಮನಿಗೆ ಈಗಲೇ ಹೇಳಬೇಡಿ.

ನಿಮ್ಮ ಪ್ರೀತಿಯ ಮಗಳು