ಅಬ್ಬಾ, ಮೇಲೆತ್ತಿ

ಹುಮನಾಬಾದಿನ ನಮಗೆ ವಿಮಾನವೆಂದರೆ ಎರಡೇ ನೆನಪು. ಒಂದು, ಬೀದರಿನ ವಾಯುಪಡೆಯ ತರಬೇತಿ ವಿಮಾನಗಳು. ಇನ್ನೊಂದು, ಕೊಲ್ಲಿಗೆ ಹೊರಟವರನ್ನು ಹೈದರಾಬಾದಿನವರೆಗೆ ಹೋಗಿ ಕಳಿಸಿ, ಕಣ್ಣೊರೆಸಿಕೊಂಡು ಮರಳುವುದು. ಮೂರನೆಯದನ್ನು ಮಗ ಕಂಪ್ಯೂಟರಿನಲ್ಲಿ ಮನೆಗೇ ತಂದ.

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಆಟ. ಅದರ ಜೊತೆಗೇ ಬರುವ ವಿಮಾನಗಳು ಅವನಿಗೆ ಸಾಲಲಿಲ್ಲ. ಈದಿಯ ಹಣ ಕೂಡಿಟ್ಟು, ಪಿಎಂಡಿಜಿ ಎಂಬ ಕಂಪೆನಿಯ ಬೋಯಿಂಗ್ 737-800 ಕೊಂಡು ಅದಕ್ಕೆ ಸೇರಿಸಿದ. ಹೀಗೆ ಹೊರಗಿನಿಂದ ತಂದು ಸೇರಿಸುವುದಕ್ಕೆ ಆಡ್-ಆನ್ ಎನ್ನುತ್ತಾರಂತೆ. "ಇಲ್ಲದ ವಿಮಾನಕ್ಕೂ ದುಡ್ಡೇ?" ಎಂದು ಗದರಿದೆವು. ಪಕ್ಕದಲ್ಲಿ ಕೂತಾಗ ತಿಳಿಯಿತು: ಬ್ಯಾಟರಿ, ಬಾಲದಲ್ಲಿರುವ ಸಣ್ಣ ಎಂಜಿನ್, ಇಂಧನದ ಪಂಪು ಎಲ್ಲವನ್ನೂ ಕ್ರಮವಾಗಿ ಚಾಲೂ ಮಾಡಿದರೇ ದೊಡ್ಡ ಎಂಜಿನ್ ತಿರುಗುವುದು. ಹೋಗುವ ದಾರಿ, ಹೊತ್ತ ತೂಕ ಎಲ್ಲ ಮೊದಲೇ ಬರೆಯಬೇಕು.

ಒಂದು ರಾತ್ರಿ ಜಾಯ್‌ಸ್ಟಿಕ್ ನಾವೇ ಹಿಡಿದೆವು. ಮಂಗಳೂರಿನಲ್ಲಿ ಇಳಿಸುತ್ತೇವೆಂದೆವು. ಎತ್ತರ ಹೆಚ್ಚಾಯಿತು, ವೇಗವೂ ಹೆಚ್ಚಾಯಿತು.

"ಅಬ್ಬಾ, ಮೇಲೆತ್ತಿ. ಇನ್ನೊಂದು ಸುತ್ತು ಬಂದು ಇಳಿಸಿ" ಎಂದ ಮಗ.

"ಸುಮ್ಮನಿರು, ನಮಗೆ ಗೊತ್ತು."

ಅರ್ಧ ರನ್‌ವೇ ದಾಟಿದ ಮೇಲೆ ಗಾಲಿ ನೆಲ ಮುಟ್ಟಿತು. ವಿಮಾನ ನಿಲ್ಲಲಿಲ್ಲ. ಪರದೆ ಕಪ್ಪಾಯಿತು.

ಆಗ ನೆನಪಾದದ್ದು 2010ರ ಮೇ 22ರ ಬೆಳಿಗ್ಗೆ. ದುಬೈಯಿಂದ ಬಂದ ಇದೇ ಮಾದರಿಯ ವಿಮಾನ ಗುಡ್ಡದ ಮೇಲಿನ ಬಜ್ಪೆ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಉಳಿದರು. ನಮ್ಮ ಅಣ್ಣ ಆಗ ದುಬೈಯಲ್ಲಿದ್ದರು. ಅವರ ಫೋನು ಸಿಗುವವರೆಗೆ ಅಮ್ಮಿ ನೀರೂ ಮುಟ್ಟಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ವಿಮಾನ ನೆಲ ಮುಟ್ಟಿತ್ತೆಂದೂ, ಸಹಪೈಲಟ್ ಮೂರು ಸಲ 'ಗೋ ಅರೌಂಡ್', ಅಂದರೆ ಮತ್ತೆ ಮೇಲೇರಿ ಎಂದಿದ್ದರೆಂದೂ ವಿಚಾರಣೆಯಲ್ಲಿ ಹೊರಬಂತು. ಹಿರಿಯ ಕ್ಯಾಪ್ಟನ್ ಆ ಮಾತು ನಡೆಸಲಿಲ್ಲ.

ಮಗ ಥ್ರಾಟಲಿನ ಮೇಲಿನ ಗುಂಡಿಯೊಂದನ್ನು ತೋರಿಸಿದ. ಒತ್ತಿದರೆ ಎಂಜಿನ್ ಬಲ ಕೂಡಿಸಿಕೊಂಡು ವಿಮಾನ ಮತ್ತೆ ಏರುತ್ತದೆ. "ಇದು ಸೋಲಲ್ಲ ಅಬ್ಬಾ, ಇದೇ ನಿಯಮ" ಎಂದ.

ದೊಡ್ಡವರ ಮಾತಿಗೆ ಅಡ್ಡ ಬರಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಚಿಕ್ಕವರ ಮಾತು ಕೇಳುವುದನ್ನು ನಮಗೆ ಯಾರೂ ಕಲಿಸಲಿಲ್ಲ. ಪಿಯುಸಿ ಮುಗಿದೊಡನೆ ಇವನನ್ನು ಅಣ್ಣನ ಬಳಿ ಕಳಿಸುವುದೆಂದು ನಾವು ನಿಶ್ಚಯಿಸಿದ್ದೆವು. ಅವನು ಎರಡು ಸಲ ಬೇಡವೆಂದಿದ್ದ.

ಮೂರನೆಯ ಸಲಕ್ಕೆ ಕಾಯದೆ ಕೇಳಿದೆವು: "ಮುಂದೆ ಏನು ಓದಬೇಕೆಂದಿದ್ದೀ, ಹೇಳು ಬೇಟಾ."