ಅತಿಥಿಯ ಮುಂದಿಡುವ ಬಟ್ಟಲು

ನಮ್ಮ ಅನೇಕ ಮನೆಗಳ ಹಜಾರದಲ್ಲಿ ಒಂದು ಗಾಜಿನ ಕಪಾಟು ಇರುತ್ತದೆ. ಅದರೊಳಗೆ ಕಅಬಾದ ಚಿತ್ರವಿರುವ ಫಲಕ, ಗಲ್ಫಿನಿಂದ ಬಂದ ಅತ್ತರಿನ ಸೀಸೆಗಳು, ಅವುಗಳ ನಡುವೆ ಪಿಂಗಾಣಿಯ ಒಂದು ಚಹಾ ಸೆಟ್. ವರ್ಷಕ್ಕೊಮ್ಮೆ ಅದರ ಧೂಳು ಒರೆಸುತ್ತೇವೆಯೇ ಹೊರತು ಅದರಲ್ಲಿ ಚಹಾ ಕೊಡುವುದು ಅಪರೂಪ. ನಾಲ್ಕು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಮನೆ ಕಟ್ಟಿದಾಗ ನಾವು ದಂಪತಿ ಒಂದು ನಿರ್ಧಾರ ಮಾಡಿದೆವು. ನಮ್ಮ ಚಹಾ ಸೆಟ್ ಕಪಾಟಿನಲ್ಲಿ ಕೂರಬಾರದು, ಅತಿಥಿಗಳ ಕೈಗೆ ಬರಬೇಕು. ಜೊತೆಗೆ ಅದು ಹಳೆಯ ಕಾಲದ್ದಾಗಿರಬೇಕು. ಈ ಆಸೆಯ ಬೆನ್ನುಹತ್ತಿ ನಾವು ಕಲಿತದ್ದನ್ನು ಓದುಗ ಬಂಧುಗಳೊಂದಿಗೆ ಹಂಚಿಕೊಳ್ಳಲು ಬಯಸುತ್ತೇವೆ.

ಅತಿಥಿಯನ್ನು ಗೌರವಿಸುವುದನ್ನು ಪ್ರವಾದಿವರ್ಯರು(ಸ) ಅಲ್ಲಾಹನ ಮತ್ತು ಅಂತ್ಯದಿನದ ಮೇಲಿನ ವಿಶ್ವಾಸದೊಂದಿಗೆ ಜೋಡಿಸಿದ್ದಾರೆ. ಪ್ರವಾದಿ ಇಬ್ರಾಹೀಮರ(ಅ) ಮನೆಗೆ ಅಪರಿಚಿತರು ಬಂದಾಗ, ಅವರು ಸದ್ದಿಲ್ಲದೆ ಒಳಗೆ ಹೋಗಿ ಕೊಬ್ಬಿದ ಕರುವನ್ನು ಸಿದ್ಧಪಡಿಸಿ ತಂದು ಅತಿಥಿಗಳ ಸಮೀಪದಲ್ಲಿಟ್ಟ ಪ್ರಸಂಗ ಸೂರಃ ಅದ್ದಾರಿಯಾತ್‌ನಲ್ಲಿದೆ. ಮನೆಯ ಅತ್ಯುತ್ತಮವನ್ನು ಅವರು ಇಟ್ಟದ್ದು ಗುರುತು ಪರಿಚಯವಿಲ್ಲದವರ ಮುಂದೆ ಎಂಬುದನ್ನು ಆಗ ನಾವು ಅಷ್ಟಾಗಿ ಗಮನಿಸಿರಲಿಲ್ಲ.

ಮುಂಬೈಯಲ್ಲಿ ನೆಲೆಸಿರುವ ಬಂಧುಗಳ ಮನೆಗೆ ಹೋಗಿದ್ದಾಗ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋದೆವು. ಹಳೆಯ ಗಡಿಯಾರ, ಗ್ರಾಮೊಫೋನು, ದೀಪಗಳ ನಡುವೆ ಅಲ್ಲಿ ಚಹಾ ಸೆಟ್‌ಗಳೂ ಸಿಗುತ್ತವೆ. ನೂರು ವರ್ಷ ದಾಟಿದ್ದನ್ನು ಸಾಮಾನ್ಯವಾಗಿ ಆಂಟಿಕ್ ಎಂದೂ ಅದಕ್ಕಿಂತ ಈಚಿನ ಹಳೆಯ ವಸ್ತುವನ್ನು ವಿಂಟೇಜ್ ಎಂದೂ ಕರೆಯುವುದು ರೂಢಿ. ಮೊದಲು ನಮ್ಮ ಕಣ್ಣು ಸೆಳೆದದ್ದು ಬೆಳ್ಳಿಯ ಸೆಟ್. ಆದರೆ ಚಿನ್ನ ಮತ್ತು ಬೆಳ್ಳಿಯ ಪಾತ್ರೆಗಳಲ್ಲಿ ತಿನ್ನುವುದನ್ನೂ ಕುಡಿಯುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಆಭರಣದ ವಿಷಯದಲ್ಲಿ ಸ್ತ್ರೀಯರಿಗೆ ಇರುವ ವಿನಾಯಿತಿ ಪಾತ್ರೆಗಳಿಗೆ ಇಲ್ಲ. ಹಳೆಯ ಬೆಳ್ಳಿಬಣ್ಣದ ಸೆಟ್‌ಗಳಲ್ಲಿ ಹಲವು ಅಪ್ಪಟ ಬೆಳ್ಳಿಯವಲ್ಲ, ತಳದಲ್ಲಿ ಇ.ಪಿ.ಎನ್.ಎಸ್. ಎಂಬ ಅಕ್ಷರಗಳಿದ್ದರೆ ಅದು ನಿಕ್ಕಲ್ ಮಿಶ್ರಲೋಹಕ್ಕೆ ಕೊಟ್ಟ ಬೆಳ್ಳಿಯ ತೆಳು ಲೇಪ. ಇಂಥ ಲೇಪದ ಕುರಿತು ವಿದ್ವಾಂಸರು ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ನಾವು ಆ ಚರ್ಚೆಗೆ ಇಳಿಯದೆ ಅದನ್ನು ಬಿಟ್ಟು ಮುಂದೆ ನಡೆದೆವು. ಅಂಚಿಗೆ ಚಿನ್ನದ ಗೆರೆ ಎಳೆದ ಬಟ್ಟಲುಗಳನ್ನೂ ಇದೇ ಕಾರಣಕ್ಕೆ ಕೈಬಿಟ್ಟೆವು.

ಎರಡನೆಯದು ಇಂಗ್ಲೆಂಡಿನ ಬೋನ್ ಚೈನಾ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೊಸಾಯ ಸ್ಪೋಡ್ ಇದರ ಮಿಶ್ರಣವನ್ನು ಹದಗೊಳಿಸಿದರು. ಹೆಸರೇ ಹೇಳುವಂತೆ ಇದರ ಮಣ್ಣಿನಲ್ಲಿ ಅರ್ಧದಷ್ಟು ಭಾಗ ಸುಟ್ಟ ಎಲುಬಿನ ಬೂದಿ, ಹೆಚ್ಚಾಗಿ ದನದ್ದು. ಸತ್ತ ಪ್ರಾಣಿಯ ಎಲುಬು ಶುದ್ಧವೇ, ಅದು ಸುಟ್ಟು ಬೂದಿಯಾದರೆ ವಿಧಿ ಬದಲಾಗುತ್ತದೆಯೇ ಎಂಬಲ್ಲಿ ಶಾಫಿಈ ಮತ್ತು ಹನಫಿ ವಿದ್ವಾಂಸರ ನಿಲುವು ಒಂದೇ ಅಲ್ಲ. ಕರಾವಳಿಯಲ್ಲಿ ಶಾಫಿಈ ಮದ್‌ಹಬ್ಬಿನವರು ಹೆಚ್ಚು, ಘಟ್ಟದ ಮೇಲೆ ಹನಫಿಗಳು ಹೆಚ್ಚು. ಆದುದರಿಂದ ಕೊಳ್ಳುವ ಮೊದಲು ತಮಗೆ ವಿಶ್ವಾಸವಿರುವ ಉಸ್ತಾದರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ನಾವು ಎಲುಬಿನ ಬೂದಿಯಿಲ್ಲದ ಸಾಮಾನ್ಯ ಪಿಂಗಾಣಿಯನ್ನೇ ಹುಡುಕಿದೆವು.

ಕೊನೆಗೆ ಸಿಕ್ಕಿದ್ದು ಜಪಾನಿನ ಒಂದು ಸೆಟ್: ಚಹಾದಾನಿ, ಹಾಲಿನ ಜಗ್ಗು, ಸಕ್ಕರೆಯ ಬೋಗುಣಿ, ಆರು ಬಟ್ಟಲು, ಆರು ಬಸಿ. ಬಿಳಿಯ ಮೇಲೆ ತಿಳಿಹಸಿರು ಬಳ್ಳಿ. ಇಂಥ ವಸ್ತುವಿನ ವಯಸ್ಸನ್ನು ತಳದ ಮುದ್ರೆ ತಿಳಿಸುತ್ತದೆ. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರಿರಬೇಕೆಂದು 1890ರ ಸುಂಕ ಕಾಯ್ದೆ ವಿಧಿಸಿದ್ದರಿಂದ, 1891ರಿಂದ ಜಪಾನಿನ ಪಿಂಗಾಣಿಯ ಮೇಲೆ ‘ನಿಪ್ಪಾನ್’ ಎಂಬ ಹೆಸರು ಬಂತು. 1921ರ ಬಳಿಕ ಅದು ‘ಜಪಾನ್’ ಆಯಿತು. ಎರಡನೆಯ ಮಹಾಯುದ್ಧದ ನಂತರ 1952ರ ತನಕದ ಕೆಲವು ಸರಕಿನ ಮೇಲೆ ‘ಆಕ್ಯುಪೈಡ್ ಜಪಾನ್’ ಎಂದಿದೆ. ನಮ್ಮದರ ಮೇಲೆ ‘ಮೇಡ್ ಇನ್ ಜಪಾನ್’ ಎಂದಿತ್ತು. ಒಂದೊಂದು ಬಟ್ಟಲನ್ನೂ ಬೆರಳ ತುದಿಯಲ್ಲಿ ಹಿಡಿದು ಉಗುರಿನಿಂದ ತಟ್ಟಿದೆವು. ಸ್ಪಷ್ಟವಾದ ನಾದ ಬಂದರೆ ಸೀಳಿಲ್ಲ, ಮಂದ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ. ಆರೂ ಬಟ್ಟಲು ನಾದಗೈದವು. ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದೆವು.

ಆ ವರ್ಷದ ಈದುಲ್ ಫಿತ್ರ್‌ನ ಬೆಳಿಗ್ಗೆ ಸೆಟ್ ಹೊರಬಂತು. ಹಜಾರದಲ್ಲಿ ಐವರು ಅತಿಥಿಗಳು. ಒಬ್ಬರು ವೈದ್ಯರು, ಉಳಿದವರು ಕಚೇರಿಯ ಹಿರಿಯರು. ಆರನೆಯ ಬಟ್ಟಲು ನಮ್ಮೊಂದಿಗಿದ್ದ ಉಮ್ಮನ ಕೈಯಲ್ಲಿ. ಅಷ್ಟರಲ್ಲಿ ನಮ್ಮ ಮನೆಗೆ ಬಣ್ಣ ಬಳಿದಿದ್ದ ಹಿರಿಯರೊಬ್ಬರು ಸಲಾಮ್ ಹೇಳಿ ಒಳಬಂದರು. ನಾವು ಅವರಿಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟೆವು. ಖಾಲಿಯಾದ ಒಂದು ಬಟ್ಟಲನ್ನು ತೊಳೆದು ಕೊಡಲು ಎರಡು ನಿಮಿಷ ಸಾಕಿತ್ತು. ತಡವಾಗಿ ಬಂದವರು ವೈದ್ಯರಾಗಿದ್ದರೆ ಖಂಡಿತ ತೊಳೆಯುತ್ತಿದ್ದೆವು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆ ಹಿರಿಯರು ಏನೂ ಹೇಳಲಿಲ್ಲ. ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತರು. ಉಮ್ಮ ತಮ್ಮ ಬಟ್ಟಲನ್ನು ಹಿಡಿದು ಅಡುಗೆಮನೆಗೆ ಹೋದರು. ಮರಳಿ ಬರುವಾಗ ಅವರ ಕೈಯಲ್ಲಿ ಸ್ಟೀಲ್ ಲೋಟವಿತ್ತು. ಹಿರಿಯರ ಸಮೀಪದ ಕುರ್ಚಿಯಲ್ಲಿ ಕುಳಿತು, ಅವರ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತಾ ಚಹಾ ಕುಡಿದರು. ಎಲ್ಲರೂ ಹೋದ ಬಳಿಕ ಉಮ್ಮ ಹೇಳಿದ್ದಿಷ್ಟೆ: “ಬಂದವರ ಕಣ್ಣು ಮೊದಲು ಲೋಟದ ಮೇಲೆ ಬೀಳುತ್ತದೆ ಮಗಾ, ಆಮೇಲೆ ಚಹಾದ ಮೇಲೆ.”

ಆ ವಾರವೇ ಅವರ ಮನೆಗೆ ಹೋಗಿ ಬಂದೆವು. ಲೋಟದ ವಿಷಯ ನಾವೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅವರ ಮನೆಯವರು ನಮಗೆ ಚಹಾ ಕೊಟ್ಟದ್ದು ಆ ಮನೆಯಲ್ಲಿದ್ದ ಎರಡೇ ಎರಡು ಪಿಂಗಾಣಿ ಬಟ್ಟಲುಗಳಲ್ಲಿ.

ಅಂದಿನಿಂದ ನಾವು ಚಹಾ ಸೆಟ್ ಆರಿಸುವ ಬಗೆಯೇ ಬದಲಾಯಿತು. ಆರು ಬಟ್ಟಲಿನ ಹಳೆಯ ಸೆಟ್‌ಗೆ ಏಳನೆಯ ಜೋಡಿ ಬಟ್ಟಲು ಸಿಗುವುದು ಬಹಳ ಕಷ್ಟ. ಆದರೆ ಸೆಟ್ ಒಡೆದು ಒಂಟಿಯಾಗಿ ಉಳಿದ ಬಟ್ಟಲು-ಬಸಿಗಳು ಪೂರ್ಣ ಸೆಟ್‌ಗಿಂತ ಎಷ್ಟೋ ಕಡಿಮೆ ಬೆಲೆಗೆ ದೊರೆಯುತ್ತವೆ. ಹಳೆಯ ವಸ್ತುಗಳ ಅಂಗಡಿ ಕಂಡಾಗಲೆಲ್ಲ ಒಂದೊಂದನ್ನು ತಂದೆವು. ನೀಲಿ ಎಲೆಯದೊಂದು, ಗುಲಾಬಿಯದೊಂದು, ಚಿತ್ರವೇ ಇಲ್ಲದ್ದೊಂದು. ಇಂದು ಜಪಾನಿನ ಆರೂ ಸೇರಿ ಹದಿನೆಂಟು ಬಟ್ಟಲುಗಳಿವೆ. ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿ ಇಡುತ್ತೇವೆ. ಯಾರ ಕೈಗೆ ಯಾವುದು ಬಂದರೂ ಅದು ಪಕ್ಕದವರದ್ದರಂತೆ ಇರುವುದಿಲ್ಲವಾದ್ದರಿಂದ ಕೀಳೆಂಬ ಗುರುತು ಯಾರ ಮೇಲೂ ಬೀಳದು. ಅತಿಥಿಗಳು ಅದಕ್ಕಿಂತ ಹೆಚ್ಚಾದರೆ ಎಲ್ಲರಿಗೂ ಸ್ಟೀಲ್ ಲೋಟವೇ.

ಹಳೆಯ ಪಿಂಗಾಣಿಯನ್ನು ಬಳಸುವವರು ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಹಳೆಯ ಮೆರುಗು ಮತ್ತು ಬಣ್ಣಗಳಲ್ಲಿ ಸೀಸ ಇರಬಹುದು. ಹುಳಿ ಪದಾರ್ಥ ಅದನ್ನು ಸುಲಭವಾಗಿ ಹೊರಸೆಳೆಯುತ್ತದೆ. ಆದ್ದರಿಂದ ನಿಂಬೆ ಹಿಂಡಿದ ಸುಲೈಮಾನಿಯನ್ನು ನಾವು ಹೊಸ ಗಾಜಿನ ಲೋಟದಲ್ಲಿ ಕೊಡುತ್ತೇವೆ, ಹಾಲು ಚಹಾವನ್ನೂ ಹಳೆಯ ಚಹಾದಾನಿಯಲ್ಲಿ ಗಂಟೆಗಟ್ಟಲೆ ಇಡುವುದಿಲ್ಲ. ಒಳಮೈ ಮೆರುಗಿನಲ್ಲಿ ಬಲೆಯಂಥ ಸೂಕ್ಷ್ಮ ಗೆರೆಗಳಿದ್ದರೆ, ಒಳಗಡೆಯ ಬಣ್ಣ ಸವೆದಿದ್ದರೆ, ಒಡೆದು ಅಂಟಿಸಿದ್ದರೆ ಅಂಥದ್ದು ನೋಡಲಿಕ್ಕೆ ಮಾತ್ರ. ಸಂಶಯವಿದ್ದರೆ ಬಳಸದಿರುವುದೇ ಲೇಸು. ತಣ್ಣಗಿನ ಚಹಾದಾನಿಗೆ ಕುದಿಯುವ ಚಹಾ ಸುರಿದರೆ ಸೀಳಬಹುದು. ಮೊದಲು ಬಿಸಿನೀರು ಹಾಕಿ ಬೆಚ್ಚಗಾಗಿಸಬೇಕು.

ಉಮ್ಮ ಈಗ ನಮ್ಮೊಂದಿಗಿಲ್ಲ. ಕಳೆದ ಈದ್‌ನಂದು ಬಣ್ಣದ ಹಿರಿಯರು ಮೊಮ್ಮಗನೊಂದಿಗೆ ಬಂದರು. ತಟ್ಟೆ ಮುಂದೆ ಹಿಡಿದಾಗ ಹುಡುಗ ನೀಲಿ ಎಲೆಯ ಬಟ್ಟಲನ್ನೇ ಆರಿಸಿಕೊಂಡ. ಅದು ಒಡೆದೀತೆಂದು ಹಿರಿಯರು ಹೆದರಿದರು. ಒಡೆದರೆ ಇನ್ನೊಂದಿದೆ ಎಂದು ಹೇಳಲು ನಮಗೆ ಕಷ್ಟವಾಗಲಿಲ್ಲ.

ಬಂದ ಪ್ರತಿಯೊಬ್ಬ ಅತಿಥಿಯನ್ನೂ ಒಂದೇ ಗೌರವದಿಂದ ಕಾಣುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.