ಕಮ್

ಬಿಳಗಿ ಅರಸರ ಊರು. ಅಲ್ಲಿ ಅವ್ವ ಅಡಿಕೆ ತೋಟಕ್ಕೆ ಕೂಲಿಗೆ ಹೋಗ್ತಿದ್ದಳು. ಒಡೇರ ಹತ್ತು ವರ್ಷದ ಮಗ ಅವಳಿಗೆ ‘ಬಾರೇ’ ಅಂತಿದ್ದ. ಅವಳು ಅವನಿಗೆ ‘ಬನ್ನಿ ಒಡೆಯಾ’. ಶಾಲೆಯ ವ್ಯಾಕರಣದಲ್ಲಿ ಇವೆರಡೂ ವಿಧ್ಯರ್ಥಕ ಕ್ರಿಯಾಪದ. ಆಜ್ಞೆ, ಪ್ರಾರ್ಥನೆ, ಹಾರೈಕೆ ಎಲ್ಲಾ ಅದರೊಳಗೇ. ಆಜ್ಞೆ ಯಾರ ಪಾಲಿಗೆ, ಪ್ರಾರ್ಥನೆ ಯಾರ ಪಾಲಿಗೆ ಅನ್ನೋದನ್ನ ಮಾಸ್ತರು ಹೇಳಲಿಲ್ಲ. ಇದೇ ಜಿಲ್ಲೆಯ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದದ್ದೂ ಸಂಸ್ಕೃತ ಸೂತ್ರಗಳಲ್ಲಿ. ಅವ್ವನ ತನಕ ಅದು ಬರೋದು ಹೇಗೆ?

ಆಮೇಲೆ ಇಂಗ್ಲಿಷ್ ಪಾಠದಲ್ಲಿ ‘ಇಂಪೆರೆಟಿವ್ ಮೂಡ್’ ಬಂತು. ‘ಕಮ್’. ಒಡೆಯನಿಗೂ ಅದೇ, ಆಳಿಗೂ ಅದೇ. ಕ್ರಿಯಾಪದದ ಬಾಲ ಬದಲಾಗೋದೇ ಇಲ್ಲ! ನಾನು ಕುಣಿದುಬಿಟ್ಟೆ. (ಆ ಭಾಷೆಯವರು ‘ಪ್ಲೀಸ್’ ಅನ್ನೋದನ್ನ ಯಾರಿಗೆ ಹಚ್ಚಿ ಯಾರಿಗೆ ಬಿಟ್ಟರು ಅನ್ನೋದು ತಡವಾಗಿ ತಿಳೀತು.) ಇನ್ನೊಂದು ‘ಸಬ್‌ಜಂಕ್ಟಿವ್’. ‘ಐ ವಾಸ್’ ಅನ್ನಬೇಕಾದಲ್ಲಿ ‘ಇಫ್ ಐ ವರ್ ಎ ಕಿಂಗ್’. ನಾನು ಅರಸನಾಗಿದ್ದರೆ, ಅಂದ್ರೆ ಆಗಿಲ್ಲ. ಆಗದ ಮಾತಿಗೇ ಬೇರೆ ರೂಪ. ಅರಸರ ಊರಿನ ಕೇರಿಯ ಹುಡುಗ ಅದನ್ನೂ ಬಾಯಿಪಾಠ ಮಾಡಿದೆ.

ರಾತ್ರಿ ಅವ್ವನಿಗೆ ಹೇಳಿದೆ.

‘ಒಡೇರ ಮಗನಿಗೆ ಏನನ್ಬೇಕು?’

‘ಕಮ್.’

‘ನಂಗೆ?’

‘ಕಮ್.’

ಅವ್ವ ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿ ಒಂದೇ ಸಲ ಅಂದಳು: ‘ಕಮ್’.